ಕರ್ನಾಟಕದ ಗ್ರಂಥಾಲಯಗಳು: ಭಾಷೆ, ಧರ್ಮ, ರಾಜಕೀಯ

ಸಾರ್ವಜನಿಕ ಗ್ರಂಥಾಲಯಗಳ ಬೆಳವಣಿಗೆಯನ್ನು ಭಾಷೆ, ಧರ್ಮ, ರಾಜಕೀಯಗಳಲ್ಲಿ ಯಾವುದು ಹೆಚ್ಚು ನಿರ್ಧರಿಸುತ್ತದೆ ಎಂದು ಕೇಳಿದ್ದೀರಿ. ನನಗೆ ತಕ್ಕಮಟ್ಟಿಗೆ ತಿಳಿದಿರುವುದು ಕರ್ನಾಟಕದ ಸಂಗತಿಯಾದ್ದರಿಂದ ಅದನ್ನೇ ಹಿಡಿದು ಉತ್ತರಿಸುತ್ತೇನೆ.

ಮೂರರಲ್ಲಿ ಧರ್ಮದ ಪಾತ್ರವೇ ಹಳೆಯದು. ನಮ್ಮ ಓಲೆಗರಿಗಳಲ್ಲಿ ಬಹುಪಾಲು ಉಳಿದದ್ದು ಮಠ, ಬಸದಿಗಳ ಭಂಡಾರಗಳಲ್ಲಿ. ಆದರೆ ಕಾಪಾಡುವುದು ಬೇರೆ, ಓದಲು ಕೊಡುವುದು ಬೇರೆ. ಮೂಡಬಿದಿರೆಯ ಬಸದಿಯಲ್ಲಿದ್ದ, ಜೈನ ಸಿದ್ಧಾಂತವನ್ನು ವಿವರಿಸುವ ಧವಲಾ ಎಂಬ ಓಲೆಗರಿ ಗ್ರಂಥಗಳು ಬಹುಕಾಲ ಭಕ್ತರ ದರ್ಶನಕ್ಕೆ ಮೀಸಲಾಗಿದ್ದು, ಅಚ್ಚಿನಲ್ಲಿ ಹೊರಬರತೊಡಗಿದ್ದು 1939ರಿಂದ ಈಚೆಗೆ.

ಭಾಷೆಯ ಪ್ರಭಾವವನ್ನು ನಾನು ಕಾಣುವುದು ಪುಸ್ತಕಗಳ ಕಪಾಟಿಗಿಂತ ಮೊದಲು ಕಾನೂನಿನಲ್ಲಿ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಮಂಗಳೂರು, ಕೊಳ್ಳೇಗಾಲದ ಕಡೆಗೆ ಮದ್ರಾಸಿನ 1948ರ ಗ್ರಂಥಾಲಯ ಕಾಯಿದೆಯೂ, ಕಲಬುರಗಿಯ ಕಡೆಗೆ ಹೈದರಾಬಾದಿನ 1955ರ ಕಾಯಿದೆಯೂ ಅನ್ವಯಿಸುತ್ತಿದ್ದವು. ಹಳೆಯ ಮೈಸೂರಿಗೂ ಧಾರವಾಡ, ಬೆಳಗಾವಿಗಳಿಗೂ ಅಂಥದೊಂದು ಕಾಯಿದೆಯೇ ಇರಲಿಲ್ಲ. ಒಂದೇ ನುಡಿಯ ಹೆಸರಿನಲ್ಲಿ ಕೂಡಿದ ನಾಡು ಒಂದೇ ಗ್ರಂಥಾಲಯ ಕಾನೂನಿನಡಿ ಬರಲು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮದವರೆಗೆ ಕಾಯಬೇಕಾಯಿತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಆ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದುದು ನಮ್ಮ ಅದೃಷ್ಟವೆಂದೇ ಹೇಳಬೇಕು.

ಹೀಗಿದ್ದರೂ ಕೊನೆಯ ಮಾತು ರಾಜಕೀಯದ್ದೇ ಎಂಬುದು ನನ್ನ ಅಭಿಪ್ರಾಯ. ಆಸ್ತಿ ತೆರಿಗೆಯೊಂದಿಗೆ ನಾವು ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. (ರಸೀದಿಯನ್ನು ಒಮ್ಮೆ ನೋಡಿ, ಎಷ್ಟೋ ಜನರಿಗೆ ಇದು ತಿಳಿದೇ ಇಲ್ಲ.) ಕರ ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ವಸೂಲಾದ ಹಣ ಪ್ರಾಧಿಕಾರದ ಕೈ ಸೇರದೆ ಬಾಕಿ ಉಳಿಯುತ್ತದೆಂಬ ದೂರು ಹಳೆಯದು. ಹಣ ಬಾರದಿದ್ದರೆ ಮೊದಲು ಪೆಟ್ಟು ಬೀಳುವುದು ಪುಸ್ತಕ ಖರೀದಿಗೆ. ಸರ್ಕಾರದ ಸಗಟು ಖರೀದಿಯನ್ನೇ ನೆಚ್ಚಿಕೊಂಡ ಕನ್ನಡ ಪ್ರಕಾಶಕರು ಅನೇಕರಿರುವುದರಿಂದ, ಆ ಪೆಟ್ಟು ತಿರುಗಿ ಭಾಷೆಗೇ ತಗಲುತ್ತದೆ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಹೋಗಿ, ಈಗ ಅರಿವು ಕೇಂದ್ರಗಳೆನಿಸಿಕೊಂಡಿವೆ. ಆದ್ದರಿಂದ ನಿಮ್ಮೂರಿನ ಗ್ರಂಥಾಲಯಕ್ಕೆ ಯಾವ ಪುಸ್ತಕ ಬೇಕೆಂಬುದನ್ನು ನೀವು ಈಗ ಗ್ರಾಮಸಭೆಯಲ್ಲೇ ಕೇಳಬಹುದು.