ಹಾವು, ಕಪ್ಪೆಗಳ ಬಗ್ಗೆ ಸಂಶೋಧನೆ ಮಾಡಬೇಕಾದರೆ ಹಾವು ಹಿಡಿಯೋದು ಕಲಿಯಲೇಬೇಕಾ?

ಬೇಕಾಗಿಲ್ಲ. ಬಿ.ಎಸ್ಸಿ. ಓದುತ್ತಿದ್ದೀರಿ, ಊರಲ್ಲಿ ಹಾವು ಹಿಡಿಯುವವರ ಜೊತೆ ಓಡಾಡಿ ಶುರು ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಾವು ಹಿಡಿಯೋದೇ ಬೇರೆ, ಹಾವಿನ ಬಗ್ಗೆ ತಿಳಿಯೋದೇ ಬೇರೆ. ಅನುಮತಿ ಇಲ್ಲದೆ ಹಿಡಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳಬಹುದು, ಅದೊಂದು ತಲೆನೋವು.

ನನ್ನನ್ನು ಕೇಳಿದರೆ ಕಪ್ಪೆಯಿಂದ ಶುರು ಮಾಡಿ. ನಾನು ಮಲೆನಾಡಿನಲ್ಲಿ ಕಪ್ಪೆ ಸರ್ವೆಗೆ ಹೋಗುವವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ. ಆದರೆ ಮಳೆಗಾಲದ ರಾತ್ರಿ ಕಪ್ಪೆಗಳನ್ನು ಹುಡುಕಬೇಕಿಲ್ಲ, ಗಂಡುಗಳು ತಾವೇ ಕೂಗುತ್ತವೆ. ಒಂದೊಂದು ಜಾತಿಗೂ ಅದರದೇ ಕೂಗು. ಟಾರ್ಚು, ರೆಕಾರ್ಡರು, ಅಳತೆಗೆ ಕ್ಯಾಲಿಪರು, ಒಂದು ನೋಟ್‌ಬುಕ್ಕು ಇದ್ದರೆ ಸಾಕು, ಉಂಬಳಗಳನ್ನು ಸಹಿಸಿಕೊಳ್ಳುವ ತಾಳ್ಮೆಯೂ ಬೇಕು ಅನ್ನಿ.

ಹೊಸ ಜಾತಿಗೆ ದಟ್ಟ ಕಾಡೇ ಬೇಕು ಅಂತಿಲ್ಲ. ಮಣಿಪಾಲದ ಸುತ್ತಮುತ್ತಲಿನ ಮುರಕಲ್ಲು ಬಯಲಿನ ಪುಟ್ಟ ಕಪ್ಪೆಯೊಂದನ್ನು ವಿಜ್ಞಾನಿಗಳು 2016ರಲ್ಲಿ ಹೊಸದು ಅಂತ ವಿವರಿಸಿದರು. ಉದ್ದ ಸುಮಾರು 1.6 ಸೆಂ.ಮೀ., ಅಂದರೆ ಹೆಬ್ಬೆರಳ ಉಗುರಿನಷ್ಟು. ಅದರ ಕೂಗು ಕೇಳಿದರೆ ಯಾವುದೋ ಜೀರುಂಡೆ ಅಂತ ಸುಮ್ನೆ ಮುಂದೆ ಹೋಗಿಬಿಡುತ್ತೀರಿ. ಕೂಗು, ಮೈಯ ಅಳತೆ, ಡಿಎನ್‌ಎ ಮೂರನ್ನೂ ಹೋಲಿಸಿ ನೋಡಿದ ಮೇಲೆ ಬೇರೆ ಜಾತಿ ಅಂತ ಹೇಳಿದ್ದು.

ಇನ್ನೊಂದು, ನನಗೆ ಇದೇ ಹೆಚ್ಚು ಇಷ್ಟ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ವಿವರಿಸಿದರು. ಹಳ್ಳದ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೆಣ್ಣು ಹೊರಟುಹೋಗುತ್ತದೆ. ಆಮೇಲೆ ಗಂಡು ಮುಂಗೈಗಳಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತ ಇರಬೇಕು. ಕಪ್ಪೆಯನ್ನು ಹಿಡಿದು ಡಬ್ಬಿಗೆ ಹಾಕಿಕೊಂಡು ಬಂದಿದ್ದರೆ ಇದು ಗೊತ್ತಾಗುತ್ತಿತ್ತಾ? ಕತ್ತಲಲ್ಲಿ ಅಲ್ಲಾಡದೆ ಕೂತು ನೋಡಿದವರಿಗೆ ಮಾತ್ರ ಕಂಡಿದ್ದು.

ಹಾವೇ ಬೇಕು ಅಂದರೆ ಆಗುಂಬೆಯ ಕೆಲಸ ಓದಿ. ಹಾವುಗಳ ತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. 2008ರಿಂದ ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಅದು ಎಲ್ಲಿ ಹೋಗುತ್ತದೆ ಅಂತ ಹಿಂಬಾಲಿಸಿದರು. ಹಿಡಿದು ದೂರದ ಕಾಡಿಗೆ ಬಿಟ್ಟ ಹಾವು ಅಲ್ಲಿ ನೆಲೆ ನಿಲ್ಲದೆ, ತನ್ನ ಜಾಗದಲ್ಲೇ ಇದ್ದ ಹಾವಿಗಿಂತ ಬಹಳ ಜಾಸ್ತಿ ಅಲೆದಿದ್ದು ಕಂಡುಬಂತು. ನಿಮ್ಮೂರಿನ ಹಾವು ಹಿಡಿಯುವವರು ಮಾಡುವುದೂ ಅದೇ ಅಲ್ವಾ, ಹಿಡಿದು ದೂರ ಬಿಡೋದು? 2024ರಲ್ಲಿ ಇನ್ನೊಂದು ತಿರುವು. ಇಡೀ ಏಷ್ಯಾದಲ್ಲಿ ಒಂದೇ ಕಾಳಿಂಗ ಅಂದುಕೊಂಡಿದ್ದೆವು, ಈಗ ನಾಲ್ಕು ಜಾತಿ. ನಮ್ಮ ಪಶ್ಚಿಮಘಟ್ಟದ್ದರ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ.

ಓದಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಎಂ.ಎಸ್ಸಿ. ನೋಡಿ, ಎರಡಕ್ಕೂ ಪ್ರವೇಶ ಪರೀಕ್ಷೆ ಇದೆ. ಈಗಿನಿಂದಲೇ ಸ್ಟಾಟಿಸ್ಟಿಕ್ಸ್ ಕಲಿಯಿರಿ, ಎಲ್ಲರೂ ಒದ್ದಾಡೋದು ಅಲ್ಲೇ. ಮತ್ತೆ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಗಮ್‌ಬೂಟು ತೊಳೆದು ಒಣಗಿಸಿಕೊಳ್ಳಿ, ಕಪ್ಪೆಗಳಿಗೆ ಬರುವ ಕೈಟ್ರಿಡ್ ಶಿಲೀಂಧ್ರ ನೀರಲ್ಲಿ ಹರಡುತ್ತದೆ.