ಪೇಪರ್‌ನಲ್ಲಿ ನಿನ್ನ ಹೆಸರು ಯಾವಾಗ ಬರುತ್ತೆ?

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬಳನ್ನು ಕಾವ್ಯ ಅಂತ ಕರೆಯೋಣ. ಹೆಸರು ನನ್ನದೇ ಕಲ್ಪನೆ. ಊರು, ಅಪ್ಪನ ಕೆಲಸ, ಆಫೀಸಿನ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅದೊಂದನ್ನು ಹಾಗೇ ಬಿಟ್ಟಿದ್ದೇನೆ. ವರ್ಷ ವರ್ಷ ಅಲ್ಲಿಂದ ಪತ್ರಿಕೋದ್ಯಮ ಮುಗಿಸಿ ಬೆಂಗಳೂರಿಗೆ ಬರುವವರು ಎಷ್ಟೋ ಜನ, ಯಾರೆಂದು ಗೊತ್ತಾಗುವುದಿಲ್ಲ.

ವಯಸ್ಸು 23. ಬೆಂಗಳೂರಿನ ಒಂದು ಪಿ.ಆರ್. ಏಜೆನ್ಸಿಯಲ್ಲಿ ಕೆಲಸ, ಅಂದರೆ ಕಂಪನಿಗಳ ಪರವಾಗಿ ಅವುಗಳ ಸುದ್ದಿಯನ್ನು ಮಾಧ್ಯಮಗಳಿಗೆ ತಲುಪಿಸುವ ಕಡೆ. ಸೇರಿ ಏಳು ತಿಂಗಳಾಗಿತ್ತು. ಮೊದಲ ದಿನ ಬಂದು ಕೂತವಳು ಹೇಳಿದ್ದು ಇಷ್ಟೇ: "ಊರಿಂದ ವಾಪಸ್ ಬರೋವಾಗ ಬಸ್ಸು ನೆಲಮಂಗಲ ದಾಟ್ತಿದ್ದ ಹಾಗೆ ಹೊಟ್ಟೆ ತೊಳೆಸುತ್ತೆ ಮೇಡಂ. ಪ್ರತಿ ಭಾನುವಾರ."

ಕೇಳುತ್ತಾ ಹೋದ ಹಾಗೆ ಉಳಿದದ್ದು ಹೊರಬಂತು. ಮೂರು ವಾರದಿಂದ ನಿದ್ದೆ ಸರಿಯಿಲ್ಲ. ರಾತ್ರಿ ಒಂದು ಗಂಟೆಗೆ ಎಚ್ಚರವಾಗಿ ಆಫೀಸಿನ ವಾಟ್ಸಾಪ್ ಗ್ರೂಪ್ ನೋಡುತ್ತಾಳೆ. ಪಿ.ಜಿ.ಯಲ್ಲಿ ಊಟ ಬಿಟ್ಟು ಬಿಸ್ಕತ್ತಿನಲ್ಲಿ ದಿನ ತಳ್ಳುತ್ತಾಳೆ. ಮ್ಯಾನೇಜರ್ ಹೆಸರು ಫೋನಿನಲ್ಲಿ ಮೂಡಿದರೆ ಕೈ ತಣ್ಣಗಾಗುತ್ತೆ. ಬದುಕು ಬೇಡ ಅನ್ನಿಸುತ್ತದೆಯೇ ಅಂತ ನೇರವಾಗಿ ಕೇಳಿದೆ. ಇದನ್ನು ಕೇಳಲು ಯಾರೂ ಸಂಕೋಚಪಡಬಾರದು. ಇಲ್ಲ ಅಂದಳು. ಆದರೂ ನಡುರಾತ್ರಿ ತಡೆಯಲಾಗದ ಹಾಗಾದರೆ ಇರಲಿ ಅಂತ ಟೆಲಿ ಮಾನಸ್ ನಂಬರು 14416 ಬರೆದುಕೊಟ್ಟೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗೋಣ ಅಂತಲೂ ಮಾತಾಯಿತು.

ಇಲ್ಲಿಯವರೆಗೆ ಸರಿ. ಆಮೇಲೆ ನಾನೊಂದು ತಪ್ಪು ಮಾಡಿದೆ.

ಐ.ಟಿ., ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆಯ ಹೊಸಬರನ್ನು ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಸಿದ್ಧ ಉತ್ತರ ಕೂತಿತ್ತು: ಕೆಲಸದ ಹೊರೆ ಜಾಸ್ತಿ, ಗಡಿ ಹಾಕಿಕೊಳ್ಳಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇದೆ ಅಂತ ದೊಡ್ಡದಾಗಿ ಹೇಳಿದೆ. ರಾತ್ರಿ ಒಂಬತ್ತರ ಮೇಲೆ ಫೋನ್ ಆಫ್ ಮಾಡಿ ನೋಡು ಅಂದೆ. (ಎರಡನೇ ಭೇಟಿಯಲ್ಲೇ "ನನಗೆ 'ನೀವು' ಅನ್ನಬೇಡಿ ಮೇಡಂ, ಕಾಲೇಜ್ ಪ್ರಿನ್ಸಿಪಾಲರ ಮುಂದೆ ಕೂತ ಹಾಗಾಗುತ್ತೆ" ಅಂದಿದ್ದಳು.)

ಆಫ್ ಮಾಡಿದಳು. ಮಂಗಳವಾರ ರಾತ್ರಿ ಹತ್ತಕ್ಕೆ ಒಬ್ಬ ಕ್ಲೈಂಟಿನ ಬಗ್ಗೆ ಟಿ.ವಿ.ಯಲ್ಲಿ ಕೆಟ್ಟ ಸುದ್ದಿ ಬಂತು. ಹೇಳಿಕೆ ಸಿದ್ಧಮಾಡಲು ಇಡೀ ತಂಡ ಹುಡುಕಾಡಿತು, ಕನ್ನಡ ಬರೆಯುವವಳು ಅಲ್ಲಿ ಇವಳೊಬ್ಬಳೇ, ಇವಳೇ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಎಲ್ಲರ ಮುಂದೆ ಬೈಸಿಕೊಂಡಳು. ಗುರುವಾರ ನನ್ನ ಮುಂದೆ ಕೂತಾಗ ಮೊದಲಿಗಿಂತ ಕುಗ್ಗಿದ್ದಳು. ಕಾನೂನು ಅವಳ ಪರವಾಗಿಯೇ ಇತ್ತು, ಅದರಿಂದ ಅವಳಿಗೆ ಚೂರೂ ಉಪಯೋಗವಾಗಲಿಲ್ಲ. ಆ ಕೆಲಸದ ಒಳಗೇನಿದೆ ಅಂತ ತಿಳಿಯದೆ ಸಲಹೆ ಕೊಟ್ಟವಳು ನಾನು. ಅವಳ ಹತ್ತಿರ ಹಾಗೇ ಹೇಳಿ ಕ್ಷಮೆ ಕೇಳಿದೆ.

ಆಮೇಲಿನ ಒಂದು ಗಂಟೆ ಅವಳೇ ಪಾಠ ಮಾಡಿದಳು. ನಾನು ಕೇಳಿದೆ.

ಬೆಳಿಗ್ಗೆ ಏಳಕ್ಕೆ ಪೇಪರ್ ನೋಡುವುದರಿಂದ ದಿನ ಶುರು. ಕ್ಲೈಂಟಿನ ಸುದ್ದಿ, ಅವರ ಎದುರಾಳಿಗಳ ಸುದ್ದಿ, ಎಲ್ಲವನ್ನೂ ಹೆಕ್ಕಿ ಒಂಬತ್ತರೊಳಗೆ ಮೇಲ್ ಹೋಗಬೇಕು. ಆಮೇಲೆ ಪ್ರೆಸ್ ನೋಟ್. ಇಂಗ್ಲಿಷಿನಲ್ಲಿ ಬಂದದ್ದನ್ನು ಇವಳು ಕನ್ನಡಕ್ಕೆ ತರಬೇಕು. ಕಳಿಸಿದ ಮೇಲೆ ವರದಿಗಾರರಿಗೆ ಫೋನ್ ಮಾಡಿ "ಸರ್, ತಲುಪಿತಾ?" ಅಂತ ಕೇಳಬೇಕು. ಮರುದಿನ ಎಲ್ಲೆಲ್ಲಿ ಬಂತು ಅಂತ ಕವರೇಜ್ ರಿಪೋರ್ಟ್.

ಆ ರಿಪೋರ್ಟಿನ ಮಾತು ಬಂದಾಗ ನಕ್ಕಳು. ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಪೇಪರಿನಲ್ಲಿ ಬಂದ ಸುದ್ದಿಯನ್ನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ರೂಪಾಯಿ ಆಗುತ್ತಿತ್ತು ಅಂತ ಎಕ್ಸೆಲ್‌ನಲ್ಲಿ ತುಂಬಬೇಕಂತೆ. "ಇದು ತಪ್ಪು ಲೆಕ್ಕ ಅಂತ 2010ರಲ್ಲೇ ಬಾರ್ಸಿಲೋನಾದಲ್ಲಿ ಈ ವೃತ್ತಿಯವರೇ ಸೇರಿ ಒಪ್ಪಿಕೊಂಡಿದ್ದಾರೆ ಮೇಡಂ. ಮೂರನೇ ಸೆಮಿಸ್ಟರಲ್ಲಿ ಇದರ ಮೇಲೆ ನಾಲ್ಕು ಪುಟ ಬರೆದಿದ್ದೆ. ಕ್ಲಾಸಿಗೇ ಜಾಸ್ತಿ ಮಾರ್ಕ್ಸ್ ನಂದು. ಈಗ ಪ್ರತಿ ತಿಂಗಳು ಅದೇ ಲೆಕ್ಕ ಹಾಕೋದು ನಾನೇ."

ಅಮೆರಿಕದ ಮಾರ್ಲೀನ್ ಕ್ರೇಮರ್ ಅನ್ನುವವರು 1974ರಲ್ಲಿ ಹೊಸ ನರ್ಸ್‌ಗಳ ಬಗ್ಗೆ ಬರೆಯುತ್ತಾ ಈ ಸ್ಥಿತಿಯನ್ನು 'ರಿಯಾಲಿಟಿ ಶಾಕ್' ಅಂತ ಕರೆದರು. ಓದುವಾಗ ಯಾವುದು ಸರಿ ಅಂತ ಕಲಿಸಿದರೋ, ಕೆಲಸದ ಜಾಗದಲ್ಲಿ ಅದಕ್ಕೆ ಬೆಲೆಯೇ ಇಲ್ಲ ಅಂತ ಕಂಡಾಗ ಆಗುವ ಪೆಟ್ಟು ಅದು. ನರ್ಸ್‌ಗಳಿಗೆ ಮಾತ್ರ ಆಗುವಂಥದ್ದಲ್ಲ. ಕಾವ್ಯಳಿಗೆ ಆ ಹೆಸರು ಹೇಳಿದೆ. "ಓ, ಇದಕ್ಕೂ ಒಂದು ಹೆಸರಿದೆಯಾ" ಅಂದಳು. ಸ್ವಲ್ಪ ಹಗುರಾದಳು ಅನ್ನಿಸಿತು. ಆದರೆ ನೆಲಮಂಗಲದ ಹೊಟ್ಟೆ ತೊಳೆಸುವಿಕೆಗೆ ಇಷ್ಟೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಬಸ್ಸು ಹತ್ತುವುದು ಊರಿಂದ ತಾನೆ? ಊರಲ್ಲಿ ಏನಾಗುತ್ತೆ ಅಂತ ಕೇಳಿದೆ.

ಊರಲ್ಲಿ ಅಪ್ಪ ಇದ್ದಾರೆ. ಪಂಪ್‌ಸೆಟ್ ರಿಪೇರಿ ಅಂಗಡಿ. ಏಳನೇ ಕ್ಲಾಸಿನ ಮೇಲೆ ಓದಿಲ್ಲ, ಆದರೆ ಪೇಪರನ್ನು ಮೊದಲ ಪುಟದ ಹಣೆಯಿಂದ ಕೊನೆಯ ಪುಟದ ಮುದ್ರಕರ ಹೆಸರಿನ ತನಕ ಓದುವ ಮನುಷ್ಯ. ಕಾವ್ಯ ಪಿ.ಯು.ಸಿ.ಯಿಂದಲೇ ವಾಚಕರ ಪತ್ರ ಬರೆಯುತ್ತಿದ್ದಳು. ರಸ್ತೆ ಗುಂಡಿ, ಹಾಸ್ಟೆಲ್ ನೀರು, ಬಸ್ ಪಾಸ್ ತೊಂದರೆ. ಎರಡಿಂಚಿನ ಪತ್ರ ಬಂದರೂ ಅಪ್ಪ ಕತ್ತರಿಸಿ, ಹಿಂದೆ ತಾರೀಕು ಬರೆದು, ಹಳೇ ಎಲ್.ಐ.ಸಿ. ಫೈಲಿನಲ್ಲಿ ಇಡುತ್ತಿದ್ದರು. ಎಂ.ಎ.ಯಲ್ಲಿ ವಿಭಾಗದ ಪ್ರಾಯೋಗಿಕ ಪತ್ರಿಕೆಯಲ್ಲಿ ಅವಳ ಬೈಲೈನ್, ಅಂದರೆ ಸುದ್ದಿಯ ಜೊತೆ ಬರೆದವಳ ಹೆಸರು, ಬಂದಾಗ ಅಂಗಡಿಗೆ ಬಂದವರಿಗೆಲ್ಲ ತೋರಿಸಿದರಂತೆ.

ಈಗ ಪ್ರತಿ ಶನಿವಾರ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ: "ಪೇಪರ್‌ನಲ್ಲಿ ನಿನ್ನ ಹೆಸರು ಯಾವಾಗ ಬರುತ್ತೆ ಪುಟ್ಟಿ? ಏಳು ತಿಂಗಳಾಯ್ತು, ದಿನಾ ನೋಡ್ತಿದೀನಿ."

ಪಿ.ಆರ್. ಕೆಲಸದಲ್ಲಿ ಬರೆದವರ ಹೆಸರು ಬರುವುದಿಲ್ಲ. ಅದನ್ನು ಅವಳು ಅಪ್ಪನಿಗೆ ಹೇಳಿಯೇ ಇರಲಿಲ್ಲ. "ಬರುತ್ತೆ ಅಪ್ಪ" ಅಂದು ಸುಮ್ಮನಾಗುತ್ತಿದ್ದಳು. ಹೇಳುವಾಗ ಕಣ್ಣಲ್ಲಿ ನೀರು ಬಂತು. ಟಿಶ್ಯೂ ಡಬ್ಬ ಅವಳ ಕಡೆ ಸರಿಸಿ ಸುಮ್ಮನೆ ಕೂತೆ.

ಕೆಲಸದ ಹೊರೆ ಇತ್ತು, ಹೌದು. ಅದರ ಕೆಳಗೆ ಇದ್ದದ್ದು ಬೇರೆ. ಕಾಲೇಜಿನಲ್ಲಿ ಬರೆದದ್ದನ್ನು ಮೇಷ್ಟ್ರು ಓದಲೇಬೇಕು, ಕೆಂಪು ಪೆನ್ನಲ್ಲಿ ಗುರುತು ಹಾಕಲೇಬೇಕು, ಮಾರ್ಕ್ಸ್ ಕೊಡಲೇಬೇಕು. ಹದಿನೇಳು ವರ್ಷ ಹಾಗೇ ಅಭ್ಯಾಸ. ಇಲ್ಲಿ ಬರೆದದ್ದು ಆರು ಜನರ ಕೈ ದಾಟಿ, ಗುರುತು ಸಿಗದಷ್ಟು ಬದಲಾಗಿ, ಹೆಸರಿಲ್ಲದೆ ಹೊರಗೆ ಹೋಗುತ್ತೆ. ಚೆನ್ನಾಗಿದೆ ಅಂತಲೂ ಇಲ್ಲ, ಇಲ್ಲಿ ತಪ್ಪಿದೆ ಅಂತಲೂ ಇಲ್ಲ. ಆ ಮೌನವನ್ನು ಅವಳು 'ಫೇಲ್' ಅಂತ ಓದುತ್ತಿದ್ದಳು.

ಮುಂದಿನ ಸಲ ಒಂದು ಪ್ರೆಸ್ ನೋಟಿನ ಎರಡೂ ಪ್ರತಿ ತರಲು ಹೇಳಿದೆ, ಅವಳು ಬರೆದದ್ದು ಮತ್ತು ಕೊನೆಗೆ ಹೊರಗೆ ಹೋದದ್ದು. ಆ ಹೊತ್ತಿಗೆ ಸುದ್ದಿ ಹೊರಗೆ ಬಂದಾಗಿತ್ತು, ಗುಟ್ಟಿನದ್ದೇನೂ ಇರಲಿಲ್ಲ. ನೀರು ಶುದ್ಧಮಾಡುವ ಯಂತ್ರವೊಂದರ ಬಿಡುಗಡೆ. ಇಂಗ್ಲಿಷಿನಲ್ಲಿ ಕಂಪನಿಯ ಮುಖ್ಯಸ್ಥರು 'ಥ್ರಿಲ್ಡ್' ಆಗಿದ್ದರು. ಕಾವ್ಯ ಆ ಪದವನ್ನೇ ಬಿಟ್ಟು, "ಗಡಸು ನೀರಿನ ಊರುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ತಯಾರಿಸಿದ್ದೇವೆ" ಅಂತ ಶುರು ಮಾಡಿದ್ದಳು. ವಾಪಸ್ ಬಂದಾಗ ಅದು "ಘೋಷಿಸಲು ನಾವು ಪುಳಕಿತರಾಗಿದ್ದೇವೆ" ಆಗಿತ್ತು. ನೀರಿನ ಯಂತ್ರಕ್ಕೆ ಪುಳಕ! ನಾನೂ ನಕ್ಕೆ, ತಡೆಯಲಾಗಲಿಲ್ಲ.

ನಗು ಮುಗಿದ ಮೇಲೆ ಇಬ್ಬರೂ ಪೆನ್ನು ಹಿಡಿದು ಕೂತೆವು. ಒಟ್ಟು 26 ಬದಲಾವಣೆ. ಒಂದೊಂದಕ್ಕೂ ಒಂದೇ ಪ್ರಶ್ನೆ: ಇದು ನಿನ್ನ ತಪ್ಪಾ, ಹೊಸ ಮಾಹಿತಿ ಬಂದದ್ದಾ, ಕ್ಲೈಂಟಿನ ರುಚಿಯಾ? ಬೆಲೆ ಬದಲಾಗಿದೆ, ಹೊಸ ಮಾಹಿತಿ. ಪುಳಕ, ರುಚಿ. ಒಂದು ಕಡೆ ಹುದ್ದೆಯ ಹೆಸರು ತಪ್ಪಾಗಿ ಬರೆದಿದ್ದಳು, ಅದು ತಪ್ಪು. ಇನ್ನೊಂದು ಕಡೆ ವಾಕ್ಯ ಎಷ್ಟು ಉದ್ದವಿತ್ತೆಂದರೆ ಯಾರಾದರೂ ಕತ್ತರಿಸಲೇಬೇಕಿತ್ತು. ಕೊನೆಗೆ ಅವಳದ್ದೇ ತಪ್ಪು ಅಂತ ಉಳಿದದ್ದು ಮೂರು. "ಮೂರೇನಾ?" ಅಂತ ಮತ್ತೆ ಎಣಿಸಿದಳು.

ತಪ್ಪು ಮೂರೇ ಅಂತ ಸಮಾಧಾನ ಹೇಳಲು ಈ ಎಣಿಕೆ ಮಾಡಿಸಿದ್ದಲ್ಲ. ನಿಜಕ್ಕೂ ಚೆನ್ನಾಗಿ ಬರೆಯದವರಿಗೆ ಹದಿನೈದು ಬರಬಹುದು. ಆಗಲೂ ಒಳ್ಳೆಯದೇ, ಹದಿನೈದರ ಮೇಲೆ ಕೆಲಸ ಮಾಡಬಹುದು. ಏನು ತಪ್ಪಾಗಿದೆ ಅಂತ ಗೊತ್ತಾಗದೆ ಒಟ್ಟಾರೆ ನಾನೇ ಸರಿಯಿಲ್ಲ ಅಂದುಕೊಂಡರೆ ಮಾತ್ರ ಏನೂ ಮಾಡಲಾಗದು. ವಾರಕ್ಕೊಂದು ಪ್ರೆಸ್ ನೋಟನ್ನು ಹೀಗೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು ಅಂದೆ.

ಎರಡನೆಯದು ಮ್ಯಾನೇಜರ್. ಆಕೆ ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. "ನಾನು ಹೇಗೆ ಮಾಡ್ತಿದ್ದೀನಿ?" ಅಂತ ಕೇಳಿದರೆ "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಲ್ಯಾಪ್‌ಟಾಪ್ ನೋಡುತ್ತಲೇ ಹೇಳುವವರು. ಆ ಪ್ರಶ್ನೆಗೆ ಬೇರೆ ಉತ್ತರ ಸಿಗುವುದೂ ಕಷ್ಟ. ಅದಕ್ಕೆ ಶುಕ್ರವಾರ ಹದಿನೈದು ನಿಮಿಷ ಕೇಳಿ ಪಡೆದು, ಒಂದೇ ಒಂದು ಕಾಗದ ಮುಂದಿಟ್ಟು "ಈ ಮೂರು ಕಡೆ ನೀವು ಬದಲಿಸಿದಿರಿ, ಈ ಎರಡನೆಯದು ಯಾಕೆ ಅಂತ ಗೊತ್ತಾಗಲಿಲ್ಲ" ಅಂತ ಕೇಳು ಅಂದೆ. ಫೋನಿನ ವಿಷಯವನ್ನೂ ಅದೇ ಭೇಟಿಯಲ್ಲಿ ಎತ್ತಲು ಹೇಳಿದೆ: "ರಾತ್ರಿ ಯಾವ ಮೆಸೇಜಿಗೆ ಆಗಲೇ ಉತ್ತರ ಬೇಕು, ಯಾವುದಕ್ಕೆ ಬೆಳಿಗ್ಗೆ ಆದರೂ ನಡೆಯುತ್ತೆ?" ನನ್ನ ಕನ್ನಡಿ ಮುಂದೆ ಎರಡು ಸಲ ಹೇಳಿ ಅಭ್ಯಾಸ ಮಾಡಿದಳು. ಮೊದಲನೇ ಸಲ ಮೂರು 'ಸಾರಿ' ಇದ್ದವು. ಎರಡನೇ ಸಲ ಒಂದು.

ಮ್ಯಾನೇಜರ್ ಕೊಟ್ಟ ಉತ್ತರ ಸರಳವಾಗಿತ್ತು. ಗ್ರೂಪಿನಲ್ಲಿ ಬಂದದ್ದಕ್ಕೆಲ್ಲ ಬೆಳಿಗ್ಗೆ ನೋಡಿದರೆ ಸಾಕು, ನಿಜವಾದ ತುರ್ತು ಇದ್ದರೆ ಫೋನೇ ಮಾಡುತ್ತೇನೆ. ಇದನ್ನು ಏಳು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಗ್ರೂಪ್ ಮ್ಯೂಟ್ ಆಯಿತು, ಫೋನಿನ ರಿಂಗ್ ಜೋರಾಯಿತು. ನಿದ್ದೆ ಒಂದೇ ದಿನಕ್ಕೆ ಬರಲಿಲ್ಲ, ಹತ್ತು ಹನ್ನೆರಡು ದಿನದಲ್ಲಿ ದಾರಿಗೆ ಬಂತು. ಡಾಕ್ಟರ್ ಹತ್ತಿರ ಹೋಗುವ ಅಗತ್ಯ ಬೀಳಲಿಲ್ಲ.

ವರದಿಗಾರರಿಗೆ ಫೋನ್ ಮಾಡುವ ಭಯಕ್ಕೆ ನಾನು ಹೆಚ್ಚೇನೂ ಮಾಡಲಿಲ್ಲ. ಪುಟ ಕಟ್ಟುವ ಸಂಜೆ ಹೊತ್ತಲ್ಲಿ ಮಾಡಬೇಡ, ಮಧ್ಯಾಹ್ನದೊಳಗೆ ಮಾಡು, ಮೊದಲ ಎರಡು ವಾಕ್ಯ ಬರೆದಿಟ್ಟುಕೋ ಅಂದೆ. "ಇದರಲ್ಲಿ ಸುದ್ದಿ ಎಲ್ಲಿದೆ ಮೇಡಂ?" ಅಂತ ಒಬ್ಬರು ಫೋನ್ ಇಟ್ಟಾಗ, ಅವರು ಕೇಳಿದ್ದು ನೀರಿನ ಯಂತ್ರದ ಬಗ್ಗೆ, ನಿನ್ನ ಬಗ್ಗೆ ಅಲ್ಲ ಅಂತ ಹೇಳಬೇಕಾಯಿತು. ಉಳಿದದ್ದನ್ನು ಅಭ್ಯಾಸವೇ ಮಾಡಿತು.

ಕಷ್ಟವಾದದ್ದು ಅಪ್ಪನ ವಿಷಯ. ನಾನು ಫೋನಿನಲ್ಲಿ ಮಾತಾಡಲಾ ಅಂತ ಕೇಳಿದೆ. ಬೇಡ ಅಂದಳು, ಅದು ಸರಿಯಾದ ಉತ್ತರ. ಒಂದು ಶನಿವಾರ ಪೇಪರ್ ಹಿಡಿದು ಅಡುಗೆಮನೆ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತಳು. ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ. "ಇದರಲ್ಲಿ ಮಧ್ಯದ ಪ್ಯಾರಾ ನಾನು ಬರೆದದ್ದು ಅಪ್ಪ. ಹೆಸರು ಬರಲ್ಲ. ಈ ಕೆಲಸದಲ್ಲಿ ಯಾವತ್ತೂ ಬರಲ್ಲ." ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ. ಆಮೇಲೆ, "ನಾನು ರಿಪೇರಿ ಮಾಡಿದ ಮೋಟಾರ್ ಮೇಲೂ ಕಂಪನಿ ಹೆಸರೇ ಇರೋದು" ಅಂದು ಒಳಗೆ ಹೋದರು. ಬೇಜಾರಾಯಿತೋ ಇಲ್ಲವೋ ಅವಳಿಗೆ ಇವತ್ತಿಗೂ ಖಾತ್ರಿಯಿಲ್ಲ. ನನಗೂ ಇಲ್ಲ. ಮುಂದಿನ ಶನಿವಾರ ಆ ಪ್ರಶ್ನೆ ಬರಲಿಲ್ಲ, ಅಷ್ಟೇ.

ಅವಳ ಬೈಲೈನ್ ಆಸೆ ಹಾಗೇ ಇದೆ. ಅದನ್ನು ಬಿಡು ಅಂತ ನಾನು ಹೇಳಲಿಲ್ಲ. ತಿಂಗಳಿಗೊಂದು ತನ್ನದೇ ಬರಹ ಬರೆಯುತ್ತಾಳೆ. ಕ್ಲೈಂಟುಗಳಿಗೆ ಸಂಬಂಧಪಡದ ವಿಷಯ ಮಾತ್ರ ಅಂತ ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿಕೊಂಡಿದ್ದಾಳೆ. ಒಂದು ವರ್ಷ ತುಂಬಿದ ಮೇಲೆ ಪತ್ರಿಕೆಯ ಕಡೆ ಹೋಗಬೇಕೋ, ಇಲ್ಲೇ ಇರಬೇಕೋ ನೋಡುತ್ತಾಳಂತೆ. ಸದ್ಯಕ್ಕೆ ಭಾನುವಾರ ಬಸ್ಸಿನಲ್ಲಿ ನೆಲಮಂಗಲ ಬರುವ ಹೊತ್ತಿಗೆ ನಿದ್ದೆ ಹೋಗಿರುತ್ತಾಳೆ.

ಈ ಬರಹವನ್ನು ಒಪ್ಪಿಗೆಗೆ ಅಂತ ಅವಳಿಗೆ ಕಳಿಸಿದ್ದೆ. ಎರಡು ದಿನಕ್ಕೆ ವಾಪಸ್ ಬಂತು, 11 ಕಡೆ ಕೆಂಪು ಗುರುತು. ಗುರುತು ಸಿಗುವ ನಾಲ್ಕು ವಿವರ ತೆಗೆದಿದ್ದಳು, ಮರುಮಾತಿಲ್ಲದೆ ತೆಗೆದೆ. ಮೂರು ಕಡೆ ನನ್ನ ವಾಕ್ಯ ನಿಜಕ್ಕೂ ಸೊಟ್ಟಗಿತ್ತು, ತಿದ್ದಿದೆ. ಉಳಿದ ನಾಲ್ಕರ ಪಕ್ಕ ಅವಳೇ ಬರೆದಿದ್ದಳು: "ಇವು ರುಚಿ ಮೇಡಂ, ನಿಮ್ಮಿಷ್ಟ."