ಹೆಸರು ಬದಲಾಯಿತು, ಫೀಡ್ ಬದಲಾಗಲಿಲ್ಲ

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಬಳಕೆದಾರರು ಹೆಸರು, ಫೋಟೊ ಬದಲಿಸಿದರೂ ಫೀಡ್‌ನ ಹಿಂದಿನ ಚಟುವಟಿಕೆಗಳಲ್ಲಿ ಹಳೆಯದೇ ಕಾಣುತ್ತಿದೆ. ಪ್ರತಿ ದಾಖಲೆಯನ್ನೂ ತಿದ್ದಬೇಕೆ?

ಉತ್ತರ: ತಿದ್ದಲು ಹೊರಟರೆ ಮುಗಿಯುವ ಕೆಲಸವಲ್ಲ. ಚಟುವಟಿಕೆ ಬರೆಯುವಾಗಲೇ ಪ್ರತಿ ಫಾಲೋವರ್‌ಗೂ ಒಂದೊಂದು ಪ್ರತಿ ಹಂಚುವ ಫೀಡ್ ಆದರೆ, ಸಾವಿರ ಫಾಲೋವರ್‌ಗಳಿಗೆ ಹೋದ ಒಂದು ಚಟುವಟಿಕೆಗೆ ಸಾವಿರ ಪ್ರತಿಗಳಿರುತ್ತವೆ. ಎಡವಟ್ಟಾಗಿರುವುದು ಬರೆಯುವ ಹಂತದಲ್ಲಿ: ಆಕ್ಟರ್ (ಮಾಡಿದವರು), ಆಬ್ಜೆಕ್ಟ್ (ಯಾವುದರ ಮೇಲೆ ಮಾಡಿದರೋ ಅದು) ಜಾಗಕ್ಕೆ ಇಡೀ ವಿವರವನ್ನೇ ತುಂಬಿದ್ದೀರಿ. ಅಲ್ಲಿರಬೇಕಾದ್ದು ರೆಫರೆನ್ಸ್, ಅಂದರೆ ಮೂಲ ದಾಖಲೆಯನ್ನು ಸೂಚಿಸುವ ಗುರುತು ಮಾತ್ರ: ‘ಯೂಸರ್:42’, ‘ಫೋಟೊ:907’. ಬರೀ 42 ಎಂದರೆ ಯಾವುದರ 42 ಎಂದು ಗೊತ್ತಾಗದು, ಹಾಗಾಗಿ ಬಗೆಯೂ ಜೊತೆಗಿರಲಿ. ಯೂಸರ್‌ನೇಮನ್ನೇ ಐಡಿ ಮಾಡಿದರೆ ಮಾತ್ರ ಮತ್ತೆ ಮೊದಲಿಗೇ ಬಂದಿರಿ, ಅದೂ ಬದಲಾಗುವಂಥದ್ದೇ.

ವಿವರ ತುಂಬುವುದು ಓದುವಾಗ. ಒಂದು ಪುಟಕ್ಕೆ 25 ಚಟುವಟಿಕೆ ಎಂದುಕೊಳ್ಳಿ. ಒಂದೊಂದರ ಆಕ್ಟರ್, ಆಬ್ಜೆಕ್ಟ್ ಬೇರೆಬೇರೆಯಾಗಿ ತಂದರೆ 50 ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಕೋರಿಕೆ). ಬದಲಿಗೆ ರೆಫರೆನ್ಸ್‌ಗಳನ್ನೆಲ್ಲ ಒಟ್ಟುಹಾಕಿ, ಮರುಕಳಿಸಿದವನ್ನು ತೆಗೆದು, ಬಗೆಗೊಂದು ಕ್ವೆರಿ ಕಳಿಸಿ. ಯೂಸರ್, ಫೋಟೊ ಎರಡೇ ಬಗೆಯಿದ್ದರೆ ಎರಡೇ ಕ್ವೆರಿ. ಕೇಳಿದ ಕ್ರಮದಲ್ಲೇ ಸಾಲುಗಳು ಬರುತ್ತವೆಂದು ನಂಬಬೇಡಿ. ಐಡಿಯನ್ನೇ ಕೀಲಿಯಾಗಿಟ್ಟ ಮ್ಯಾಪ್‌ಗೆ (ಕೀಲಿ ಕೊಟ್ಟರೆ ಅದರ ವಿವರ ಸಿಗುವ ಪಟ್ಟಿ) ಹಾಕಿ ಜೋಡಿಸಿ. ಇಲ್ಲವಾದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮುಖ ಅಂಟುತ್ತದೆ. ನೋಡುವ ಅನುಮತಿಯನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ, ನಿನ್ನೆ ಎಲ್ಲರಿಗೂ ತೆರೆದಿದ್ದ ಫೋಟೊ ಇಂದು ಖಾಸಗಿಯಾಗಿರಬಹುದು.

ಎಲ್ಲವನ್ನೂ ರೆಫರೆನ್ಸ್ ಮಾಡಬೇಕೆಂದಿಲ್ಲ. ಖರೀದಿಯ ದಿನದ ಬೆಲೆಯಂಥದ್ದು ಆ ಕ್ಷಣದ ಸತ್ಯ. ಅದನ್ನು ನಕಲು ಮಾಡಿಯೇ ಇಡಿ.

ಪ್ರಶ್ನೆ: ಫೋಟೊ ಅಳಿಸಿದಾಗ ಇಡೀ ಪುಟವೇ ಎರರ್ ಕೊಡುತ್ತದೆ.

ಉತ್ತರ: ರೆಫರೆನ್ಸ್ ಉಳಿದಿದೆ, ವಸ್ತು ಇಲ್ಲ. ಮ್ಯಾಪ್‌ನಲ್ಲಿ ಸಿಗದಿದ್ದರೆ ಆ ಚಟುವಟಿಕೆಯೊಂದನ್ನು ಬಿಡಿ ಅಥವಾ ‘ಅಳಿಸಲಾಗಿದೆ’ ಎಂದು ತೋರಿಸಿ. ಬಿಟ್ಟರೆ ಇನ್ನೊಂದು ಬಲೆ ಕಾದಿದೆ: ಮುಂದಿನ ಪುಟ ಎಲ್ಲಿಂದ ಶುರುವೆಂದು ಗುರುತಿಸುವ ಕರ್ಸರನ್ನು ತೋರಿಸಿದ ಕೊನೆಯ ಚಟುವಟಿಕೆಯಿಂದಲ್ಲ, ಡೇಟಾಬೇಸ್‌ನಿಂದ ತಂದ ಕೊನೆಯದರಿಂದ ಪಡೆಯಿರಿ. ತೋರಿಸಿದ್ದರಿಂದ ಪಡೆದರೆ, ಪುಟದ 25ಕ್ಕೆ 25ರ ವಸ್ತುಗಳೂ ಅಳಿದಿದ್ದರೆ ತೋರಿಸಲು ಏನೂ ಇರುವುದಿಲ್ಲ, ಫೀಡ್ ಅಲ್ಲಿಗೇ ನಿಂತುಬಿಡುತ್ತದೆ.

ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಶಿಫಾರಸಾಗಿ 2017ರಲ್ಲಿ ಹೊರಬಂದ, ಚಟುವಟಿಕೆಗಳನ್ನು ಬರೆದಿಡುವ ಮಾದರಿಯಾದ ಆ್ಯಕ್ಟಿವಿಟಿ ಸ್ಟ್ರೀಮ್ಸ್ 2.0ರಲ್ಲಿ ಅಳಿಸಿದ ವಸ್ತುವಿಗೆಂದೇ ‘ಟೂಂಬ್‌ಸ್ಟೋನ್’ ಎಂಬ ಬಗೆಯಿದೆ. ಆ ಮಾದರಿ ಅನುಸರಿಸುವುದಾದರೆ, ಆಬ್ಜೆಕ್ಟ್ ಜಾಗದಲ್ಲಿ ಬರೀ ವಿಳಾಸ, ಪೂರ್ಣ ವಸ್ತು, ಇವುಗಳ ಪಟ್ಟಿ, ಯಾವುದು ಬೇಕಾದರೂ ಬರಬಹುದು. ಅದನ್ನು ಓದಿ ಬಿಡಿಸುವ ಪಾರ್ಸರ್ ಮೂರಕ್ಕೂ ಸಿದ್ಧವಿರಲಿ.